ತಾರಸಿ ಭತ್ಯೆ

ಆ ಹವಾಮಾನ ಕಚೇರಿಯಲ್ಲಿ ಆಕಾಶವನ್ನು ಒಂದೇ ಹೊತ್ತಿಗೆ ಇಬ್ಬರು ನೋಡುತ್ತಿದ್ದರು. ಒಬ್ಬ ತಾರಸಿಯ ಮೇಲೆ ನಿಂತು ಪೂರ್ತಿ ಆಕಾಶ ನೋಡುವವನು. ಇನ್ನೊಬ್ಬಳು ಕೆಳಗಿನ ಕೋಣೆಯ ಉದ್ದನೆಯ ಕಿಟಕಿಯ ಹಿಂದೆ ಕುಳಿತು, ತನ್ನ ಪಾಲಿಗೆ ಬಂದಷ್ಟು ಆಕಾಶ ನೋಡುವವಳು. ಗಂಟೆ ಬಾರಿಸಿದ ಕೂಡಲೇ ಇಬ್ಬರೂ ತಮಗೆ ಕಂಡದ್ದನ್ನು ಒಂದೊಂದು ಚೀಟಿಯಲ್ಲಿ ಬರೆಯಬೇಕು: ಆಕಾಶವನ್ನು ಎಂಟು ಪಾಲು ಮಾಡಿದರೆ ಎಷ್ಟು ಪಾಲಿಗೆ ಮೋಡ ಕವಿದಿದೆ, ಯಾವ ಜಾತಿಯ ಮೋಡ, ಎತ್ತ ಹೊರಟಿದೆ. ಸಾಹೇಬರು ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. ತಾಳೆಯಾದರೆ ಸಂತೋಷ. ಆಗದಿದ್ದರೆ ತಾರಸಿಯದೇ ಸರಿ. ಈ ವ್ಯವಸ್ಥೆ ಮಾಡಿದವರು ಯಾವಾಗಲೋ ತೀರಿಹೋಗಿದ್ದರು; ವ್ಯವಸ್ಥೆ ಮಾತ್ರ ಗಟ್ಟಿಮುಟ್ಟಾಗಿತ್ತು.

ತಾರಸಿಗೆ ಗಂಡಸರು, ಕಿಟಕಿಗೆ ಹೆಂಗಸರು. ತಾರಸಿಗೆ ಹೋಗಲು ಕಬ್ಬಿಣದ ನೆಟ್ಟನೆಯ ಏಣಿ ಹತ್ತಬೇಕಿತ್ತು. 'ಗಾಳಿಯ ವೇಗವನ್ನೂ ಸ್ತ್ರೀಯರ ಉಡುಪನ್ನೂ ಗಮನದಲ್ಲಿಟ್ಟು' ಅದನ್ನು ಹೆಂಗಸರು ಹತ್ತಕೂಡದೆಂದು ಹಳೆಯ ಸುತ್ತೋಲೆಯೊಂದು ಹೇಳುತ್ತಿತ್ತು. ಆದ್ದರಿಂದ ತಾರಸಿ ವೀಕ್ಷಕನಿಗೆ ದೊಡ್ಡ ಸಂಬಳ, ಅದರ ಮೇಲೆ ತಾರಸಿ ಭತ್ಯೆ. ಕಿಟಕಿ ವೀಕ್ಷಕಿಗೆ ಚಿಕ್ಕ ಸಂಬಳ, ಅದರ ಮೇಲೆ ಕುರ್ಚಿಗೊಂದು ಮೆತ್ತೆ.

ಕಿಟಕಿಯಲ್ಲಿ ಕೂರುತ್ತಿದ್ದವಳು ಅತ್ತಿಗೆ. ಅವಳು ನಿಜವಾಗಿ ಅತ್ತಿಗೆಯಾಗಿದ್ದು ಒಬ್ಬನಿಗೇ, ತಾರಸಿ ವೀಕ್ಷಕನಾಗಿದ್ದ ಅವಳ ಮೈದುನನಿಗೆ. ಅವನು ದಿನವಿಡೀ 'ಅತ್ತಿಗೆ, ಅತ್ತಿಗೆ' ಎನ್ನುತ್ತಿದ್ದುದರಿಂದ ಇಡೀ ಕಚೇರಿಗೆ, ಹುದ್ದೆಯಲ್ಲಿ ಹಿರಿಯರಾದ ಸಾಹೇಬರಿಗೂ, ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು. ಗಂಡ ಹೋದ ಮೇಲೆ ಈ ಕೆಲಸಕ್ಕೆ ಸೇರಿದವಳು. ಮೈದುನ ಓದು ಮುಗಿಸಿ ಮನೆಯಲ್ಲಿ ಸೂರು ನೋಡುತ್ತ ಅಂಗಾತ ಮಲಗಿರುತ್ತಿದ್ದ ಕಾಲದಲ್ಲಿ, "ಸೂರು ನೋಡೋದಕ್ಕೆ ಯಾರೂ ಸಂಬಳ ಕೊಡಲ್ಲಪ್ಪ, ಅದರ ಮೇಲಿರೋದನ್ನ ನೋಡಿದ್ರೆ ಕೊಡ್ತಾರೆ, ಬಾ" ಎಂದು ಕರೆತಂದು ಅರ್ಜಿ ಹಾಕಿಸಿದವಳು ಅವಳು. ಮೋಡಗಳ ಹೆಸರು ಕಲಿಸಿದವಳೂ ಅವಳೇ. ಕಲಿತ ದಿನದಿಂದ ಅವನ ಸಂಬಳ ಕಲಿಸಿದವಳದಕ್ಕಿಂತ ಹೆಚ್ಚು.

ಮೊದಲನೆಯ ದಿನ ಅವನು ಏಣಿ ಹತ್ತಿದ್ದೇನೋ ಹೌದು. ಗಂಟೆ ಬಾರಿಸಿ ಎಷ್ಟು ಹೊತ್ತಾದರೂ ಚೀಟಿ ಬರಲಿಲ್ಲ. ಅತ್ತಿಗೆ ಸುತ್ತೋಲೆಯನ್ನು ಒಂದು ಗಳಿಗೆ ಮರೆತು ಹತ್ತಿ ನೋಡಿದಳು. ಗಾಳಿಯ ದಿಕ್ಕು ತೋರಿಸುವ ತಗಡಿನ ಕೋಳಿಯ ಕಂಬವನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದ. ನೆತ್ತಿಯ ಮೇಲೆ ಕೋಳಿ ಕಿರಗುಟ್ಟುತ್ತ ತಿರುಗುತ್ತಿತ್ತು.

"ಅತ್ತಿಗೆ, ಭೂಮಿ ಎಲ್ಲಿದೆ?"

"ಇದ್ದಲ್ಲೇ ಇದೆ. ಕೈ ಬಿಡು ಮೊದಲು."

"ಬಿಟ್ಟರೆ ಹೋಗ್ಬಿಡ್ತೀನಿ."

"ಎಲ್ಲಿಗೆ ಹೋಗ್ತೀಯ, ಮೇಲಕ್ಕಾ? ನೀನೇನು ಬಲೂನಾ?"

ಅಂದು ಅವನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಬಂದವಳು, ಮರುದಿನ ಅವನ ಬದಲು ತಾನೇ ಹತ್ತಿದಳು. ಅದರ ಮರುದಿನವೂ. ಆಮೇಲೆ ಅದೇ ಅಭ್ಯಾಸವಾಯಿತು. ಮೈದುನ ಏಣಿಯ ಬುಡದ ಸಣ್ಣ ಕೋಣೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಿದ್ದ. ಅತ್ತಿಗೆ 'ಮಳೆ ಅಳೆಯೋ ಡಬ್ಬಿ ನೋಡ್ಕೊಂಡು ಬರ್ತೀನಿ' ಎಂದು ಕಿಟಕಿಯಿಂದ ಎದ್ದು, ಹಿಂದಿನ ಮೆಟ್ಟಿಲಿನಿಂದ ಹೋಗಿ, ಏಣಿ ಹತ್ತಿ, ಆಕಾಶ ನೋಡಿ, ಇಳಿದು ಅವನಿಗೆ ಹೇಳುತ್ತಿದ್ದಳು. ಅವನು ಬರೆದುಕೊಳ್ಳುತ್ತಿದ್ದ. ಆಮೇಲೆ ಅವಳು ಬಂದು ಕಿಟಕಿಯಲ್ಲಿ ಕುಳಿತು, ಕಿಟಕಿಗೆ ಕಂಡಷ್ಟನ್ನು ಮಾತ್ರ ಪ್ರಾಮಾಣಿಕವಾಗಿ ಬರೆಯುತ್ತಿದ್ದಳು. ಎರಡು ಚೀಟಿ ತಾಳೆಯಾಗದ ದಿನ ಸಾಹೇಬರು, "ಅತ್ತಿಗೆ, ಮೇಲಿಂದ ನೋಡಿದ್ರೆ ಬೇರೇನೇ ಕಾಣುತ್ತೆ ನೋಡಿ" ಎನ್ನುತ್ತಿದ್ದರು. ಅವಳು ಹೌದೆಂದು ತಲೆಯಾಡಿಸುತ್ತಿದ್ದಳು. ಕಿಟಕಿಯಾಗಿ ಅವಳು ಸೋಲುತ್ತಿದ್ದುದು ತಾರಸಿಯಾಗಿ ತನಗೇ ಆದ್ದರಿಂದ ಹೆಚ್ಚು ಬೇಸರವಿರಲಿಲ್ಲ.

ಪಕ್ಕದ ಕಿಟಕಿಯಲ್ಲಿ ಅದೇ ಚಿಕ್ಕ ಸಂಬಳಕ್ಕೆ ಕುಳಿತು ಗಂಟೆ ಬಿಟ್ಟು ಗಂಟೆಗೆ ಚೀಟಿ ಬರೆಯುತ್ತಿದ್ದ ಹುಡುಗಿಗೆ, ದಪ್ಪ ಗಾಜಿನ ಕನ್ನಡಕದವಳಿಗೆ, ಇದೆಲ್ಲ ಗೊತ್ತಿತ್ತು. ಸಾಹೇಬರಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವುದು ಅವರ ವೇತನಶ್ರೇಣಿಯಲ್ಲಿ ಸೇರಿರಲಿಲ್ಲ.

ನಿಜ ಹೇಳಬೇಕೆಂದರೆ ಅತ್ತಿಗೆಗೆ ತಾರಸಿಯ ಹುಚ್ಚು ಹಿಡಿದಿತ್ತು. ಏಣಿಯ ಕೊನೆಯ ಮೆಟ್ಟಿಲಿನಿಂದ ತಲೆ ಹೊರಗೆ ಹಾಕಿದ ಕೂಡಲೇ ಊರಿನ ಸದ್ದೆಲ್ಲ ಯಾರೋ ಕಂಬಳಿ ಹೊದಿಸಿದಂತೆ ಮೆತ್ತಗಾಗುತ್ತಿತ್ತು. ಬೀದಿಗಳು ದಾರದ ತುಂಡುಗಳು. ಜನ ಕಪ್ಪು ಎಳ್ಳು. ಮೇಲೆ ಮಾತ್ರ ಎಲ್ಲವೂ ದೊಡ್ಡದು, ನಿಧಾನ. ಕೆಲವು ಮೋಡಗಳು ಊಟ ಮುಗಿಸಿ ಬಂದವರಂತೆ ಹೊಟ್ಟೆ ಮುಂದೆ ಮಾಡಿಕೊಂಡು ಸಾಗುತ್ತಿದ್ದವು. ಕೆಲವು ಬಾಚಿಕೊಳ್ಳದೆ ಎದ್ದು ಬಂದ ಕೂದಲು. ಮೇಲಿನ ಗಾಳಿ ತಿಳಿಯಲು ಬೆಳಿಗ್ಗೆ ಅವಳೇ ಬಿಡುತ್ತಿದ್ದ ಬಿಳಿಯ ಬಲೂನು ಮೊದಲು ಕುಂಬಳಕಾಯಿಯಷ್ಟು, ಆಮೇಲೆ ಗುಂಡಿಯಷ್ಟು, ಆಮೇಲೆ ಕಣ್ಣಿನಲ್ಲಿ ಬಿದ್ದ ಕಸದಷ್ಟು ಆಗಿ, ಕೊನೆಗೆ ಇದೆಯೋ ಇಲ್ಲವೋ ಎಂಬ ಅನುಮಾನವಾಗಿ ಉಳಿಯುತ್ತಿತ್ತು. ಆ ಅನುಮಾನವನ್ನು ನೋಡುತ್ತ ನಿಂತರೆ ಅವಳಿಗೆ ತನ್ನ ಕಾಲು ತಾರಸಿಯ ಮೇಲಿದೆಯೋ ಇಲ್ಲವೋ ಎಂಬುದೂ ಮರೆಯುತ್ತಿತ್ತು.

ಮನೆಯಲ್ಲಿ ಅವಳ ಓರಗಿತ್ತಿ, ಎಂದರೆ ಮೈದುನನ ಹೆಂಡತಿ, ಗಂಡನನ್ನು ದಿನಾ ಯುದ್ಧಕ್ಕೆ ಕಳಿಸುವಂತೆ ಕಳಿಸುತ್ತಿದ್ದಳು.

"ರೀ, ಮಫ್ಲರ್ ತಗೊಳ್ಳಿ. ಅಷ್ಟು ಎತ್ತರದಲ್ಲಿ ಗಾಳಿ ಅಂದ್ರೆ ತಮಾಷೇನಾ? ಅಕ್ಕ, ನೀವಾದ್ರೂ ಹೇಳಿ. ನಿಮಗೇನು, ಕಿಟಕಿ ಒಳಗೆ ಬೆಚ್ಚಗೆ ಕೂತಿರ್ತೀರಿ."

"ಹೌದಮ್ಮ, ತಗೊಳ್ಳಲಿ ಅವನು" ಎನ್ನುತ್ತಿದ್ದಳು ಅತ್ತಿಗೆ. ಆ ಮಫ್ಲರು ಏಣಿಯ ಬುಡದಲ್ಲಿ ಮೈದುನನ ಕೊರಳಿನಿಂದ ಅತ್ತಿಗೆಯ ಕೊರಳಿಗೆ ಬರುತ್ತಿತ್ತು.

ಆ ಮನೆಯಲ್ಲಿ ಅವಳಿಗಿದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಕೋಣೆ. ಕೋಣೆ ಎಂದರೆ ಮಂಚ ಹಾಕಿದ ದಾರಿ. ಹಲ್ಲುಜ್ಜುವವರು, ಪಾತ್ರೆ ಒಯ್ಯುವವರು, ಒದ್ದೆ ಕಾಲಿನವರು ಅವಳ ಕನಸುಗಳ ನಡುವೆ ಹಾದುಹೋಗುತ್ತಿದ್ದರು. ಓರಗಿತ್ತಿ ಕೆಟ್ಟವಳಲ್ಲ, ಮಾತು ಜಾಸ್ತಿ ಅಷ್ಟೆ. ಮಾತೂ ಆ ದಾರಿಯಲ್ಲೇ ಓಡಾಡುತ್ತಿತ್ತು. ಕಚೇರಿಯ ಎದುರಿನ ಬೀದಿಯಲ್ಲಿ, ಗಡಿಯಾರ ರಿಪೇರಿಯವನ ಅಂಗಡಿಯ ಮೇಲೆ, ಮೂರು ದಿಕ್ಕಿಗೂ ಕಿಟಕಿಯಿದ್ದ ಒಂದು ಕೋಣೆ ಖಾಲಿಯಿತ್ತು. ಅತ್ತಿಗೆ ಅದನ್ನು ತಾರಸಿಯಿಂದ ನೋಡಿ ನೋಡಿ ಮನಸ್ಸಿನಲ್ಲೇ ಮಂಚ ಎಲ್ಲಿ, ಒಲೆ ಎಲ್ಲಿ ಎಂದು ಗೊತ್ತುಮಾಡಿಟ್ಟಿದ್ದಳು. ಮುಂದಿನ ವರ್ಷ ಅವಳಿಗೆ ನಿವೃತ್ತಿ. ಪಿಂಚಣಿ ಕೊನೆಯ ಸಂಬಳದ ಮೇಲೆ ಗೊತ್ತಾಗುವುದು. ಕಿಟಕಿಯ ಪಿಂಚಣಿಯಲ್ಲಿ ಆ ಕೋಣೆಯ ಬಾಡಿಗೆ ಹುಟ್ಟುವುದಿಲ್ಲ. ತಾರಸಿಯದಾದರೆ ಬಾಡಿಗೆ ಕೊಟ್ಟು ಊಟಕ್ಕೂ ಉಳಿಯುತ್ತದೆ. ಅವಳು ಅರ್ಜಿ ಬರೆದಳು: ಇಬ್ಬರೂ ನೋಡುವುದು ಒಂದೇ ಆಕಾಶ, ಸಂಬಳವೂ ಒಂದೇ ಆಗಲಿ.

"ನನ್ನ ವಿಷಯ ಏನಾದ್ರೂ ಬರೆದ್ರಾ?" ಎಂದು ಮೈದುನ ಕಚೇರಿಗೆ ಹೋಗುವ ದಾರಿಯಲ್ಲಿ ಕೇಳಿದ. ಅವನ ಮುಖ ಸಪ್ಪಗಿತ್ತು.

"ಇಲ್ಲಪ್ಪ."

"ನೀವು ಹತ್ತೋದು ಬರೀದೇ ಇದ್ರೆ ಅರ್ಜೀಲಿ ಗಟ್ಟಿ ಏನಿರುತ್ತೆ?"

"ಬರೆದ್ರೆ ನಿನ್ನ ಕೆಲಸ ಇರುತ್ತಾ?"

ಅವನು ಸ್ವಲ್ಪ ದೂರ ನಡೆದು, "ಇವಳು ಇನ್ನೊಂದು ಮಫ್ಲರ್ ಹೆಣೀತಿದಾಳೆ" ಎಂದ.

"ಬಣ್ಣ ಯಾವುದು?"

"ನೀಲಿ."

"ಆಗಲಿ, ನನಗೆ ಒಪ್ಪುತ್ತೆ" ಎಂದಳು ಅತ್ತಿಗೆ.

ಅರ್ಜಿ ಮೇಜಿನಿಂದ ಮೇಜಿಗೆ ಮೋಡದ ಗತಿಯಲ್ಲಿ ಸಾಗಿ, ಒಂದು ಚಳಿಗಾಲದ ಬೆಳಿಗ್ಗೆ ಸಮಿತಿಯಾಗಿ ಬಂದಿಳಿಯಿತು. ಸಮಿತಿ ಎಂದರೆ ದುಂಡಗಿನ ಅಧ್ಯಕ್ಷರು ಮತ್ತು ಸಣಕಲು ಮೇಡಂ. ಅಧ್ಯಕ್ಷರ ಬಳಿ ಕೆಲಸಗಳಿಗೆ ಅಂಕ ಹಾಕುವ ಒಂದು ಪದ್ಧತಿಯಿತ್ತು. ಎತ್ತರಕ್ಕೆ ಅಂಕ, ಅಪಾಯಕ್ಕೆ ಅಂಕ, ಭಾರಕ್ಕೆ ಅಂಕ. ಕುಳಿತು ಮಾಡುವ ಕೆಲಸಕ್ಕೆ ಕುಳಿತಿದ್ದಕ್ಕಾಗಿ ಅಂಕ ಕಡಿತ.

"ಆಕಾಶ ಒಂದೇ, ಒಪ್ಪಿದೆ ಕಣಮ್ಮ" ಎಂದರು ಅಧ್ಯಕ್ಷರು ಕಿಟಕಿಯ ಕೋಣೆಯಲ್ಲಿ ಚಹಾ ಹೀರುತ್ತ. "ಮೆಟ್ಟಿಲು ಬೇರೆ ಅಲ್ವಾ?"

ಅಂದು ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಕಿಟಕಿಯ ಗಾಜಿಗೆ ಯಾರೋ ಹೊರಗಿನಿಂದ ಹಾಲು ಬಳಿದ ಹಾಗಿತ್ತು. ಎದುರಿನ ಮರವಿಲ್ಲ, ಬೀದಿಯಿಲ್ಲ. ಯಾವುದೋ ಸೈಕಲ್ಲಿನ ಗಂಟೆ ಮಾತ್ರ ಸವಾರನಿಲ್ಲದೆ ಹಾದುಹೋಯಿತು. ಗಂಟೆ ಬಾರಿಸುವ ಹೊತ್ತು ಹತ್ತಿರವಾದಾಗ ಅತ್ತಿಗೆ ಎಂದಿನಂತೆ ಎದ್ದು ಮಳೆ ಡಬ್ಬಿಯ ನೆಪ ಹೇಳಿ ಹೊರಟಳು. ಏಣಿಯ ಕೋಣೆಯಲ್ಲಿ ಮೈದುನ ಆಗಲೇ ಚೀಟಿ ಬರೆದು ಮುಗಿಸಿದ್ದ.

"ಅತ್ತಿಗೆ, ಇವತ್ತು ಹತ್ತಬೇಡಿ, ಕೈ ಮುಗೀತೀನಿ. ಮೇಲೇನು ಕಾಣುತ್ತೆ ಮಣ್ಣು? 'ಆಕಾಶ ಕಾಣುತ್ತಿಲ್ಲ' ಅಂತ ಬರೆದಿದೀನಿ. ನೀವೂ ಅದನ್ನೇ ಬರೆದ್ಬಿಡಿ. ಎರಡೂ ತಾಳೆ ಆಗುತ್ತೆ."

"ಸರಿ" ಎಂದಳು. ಅವನು ಮುಂದಿನ ಮೆಟ್ಟಿಲಿನಿಂದ ಚೀಟಿ ಕೊಡಲು ಇಳಿದು ಹೋದ. ಅವಳೂ ಹಿಂದಿನ ಮೆಟ್ಟಿಲಿನಿಂದ ಇಳಿಯಬೇಕೆಂದು ತಿರುಗಿದಳು. ಮನಸ್ಸು ಇಳಿಯುತ್ತಿತ್ತು, ಕಾಲು ಏಣಿ ಹತ್ತುತ್ತಿತ್ತು. ಅಷ್ಟು ವರ್ಷದ ಅಭ್ಯಾಸ, ಅದಕ್ಕೆ ಯಾರ ಸಮಿತಿ ಏನು ಮಾಡೀತು?

ಮೊದಲು ಬರೀ ಬಿಳುಪು. ಕೈಯಲ್ಲಿ ಹಿಡಿದ ಮೆಟ್ಟಿಲೂ ಕಾಣದು. ಆಮೇಲೆ ಬಿಳುಪಿಗೆ ಸ್ವಲ್ಪ ಹೊಳಪು ಬಂತು. ಕೊನೆಯ ಮೆಟ್ಟಿಲು ದಾಟಿ ಎದ್ದು ನಿಂತದ್ದೇ ತಡ, ಅವಳ ತಲೆ ಮಂಜಿನಿಂದ ಹೊರಗಿತ್ತು. ಇನ್ನೂ ಎತ್ತರದ ಕಟ್ಟೆಯ ಮೇಲೆ ಕಾಲಿಟ್ಟಾಗ ಮಂಜು ಪಾದಕ್ಕಿಳಿಯಿತು. ಮೇಲೆ ಒಂದು ಚೂರೂ ಮೋಡವಿಲ್ಲದ ನೀಲಿ. ಕೆಳಗೆ ಕಣ್ಣು ಹಾಯುವಷ್ಟು ದೂರ ಬಿಳಿಯ ಸಮುದ್ರ. ಅದರಲ್ಲಿ ತೇಲುವುದಕ್ಕೆ ಉಳಿದಿದ್ದವು ತಗಡಿನ ಕೋಳಿ, ದೂರದ ಒಂದು ಹೊಗೆಗೊಳವೆ ಮತ್ತು ಅವಳು. ಊರು, ಮನೆ, ಬಚ್ಚಲಿನ ದಾರಿ, ಅರ್ಜಿ, ಎಲ್ಲ ನೀರಿನಡಿ ನಿದ್ದೆ ಹೋಗಿದ್ದವು. ಸೂರ್ಯ ಅವಳೊಬ್ಬಳಿಗೋಸ್ಕರ ಬಂದವನ ಹಾಗೆ ಸಂಕೋಚದಿಂದ ನಿಂತಿದ್ದ.

ಗಂಟೆ ಬಾರಿಸಿತು, ನೀರಿನ ಆಳದಿಂದ ಬಂದಂತೆ. ಅವಳು ಇಳಿದು ಬಂದದ್ದು, ಮೆತ್ತೆಯ ಮೇಲೆ ಕುಳಿತದ್ದು, ಪೆನ್ನು ಹಿಡಿದದ್ದು ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ. ಏಣಿಯ ಬುಡದಲ್ಲಿ ಹೇಳಿಸಿಕೊಳ್ಳುವವನು ಇರಲಿಲ್ಲವಾದ್ದರಿಂದ ತಾರಸಿಯ ಆಕಾಶ ಅವಳ ಬಾಯಲ್ಲೇ ಉಳಿದಿತ್ತು. ಅದೇ ಚೀಟಿಗಿಳಿಯಿತು.

ಸಾಹೇಬರು ಎರಡೂ ಚೀಟಿಗಳನ್ನು ಸಮಿತಿಯ ಮುಂದಿಟ್ಟರು. ಅಧ್ಯಕ್ಷರು ಗಟ್ಟಿಯಾಗಿ ಓದಿದರು.

"ತಾರಸಿ: ಆಕಾಶ ಕಾಣುತ್ತಿಲ್ಲ. ಸರಿ. ಕಿಟಕಿ: ಮೋಡವಿಲ್ಲ, ಪೂರ್ತಿ ನೀಲಿ. ಮಂಜು ಕಾಲಿನ ಕೆಳಗೆ..." ನಿಲ್ಲಿಸಿದರು. ಕಿಟಕಿಯ ಆಚೆಯ ಹಾಲನ್ನು ನೋಡಿದರು. ಮೇಜಿನ ಕೆಳಗೆ ಅತ್ತಿಗೆಯ ಕಾಲನ್ನು ನೋಡಿದರು. "ಏನಮ್ಮಾ ಇದು? ಎಲ್ಲಿ ಕೂತು ಬರೆದ್ರಿ?"

ಮೈದುನನ ಮುಖ ಮಂಜಿಗಿಂತ ಬಿಳಿಚಿಕೊಂಡಿತು. ಕನ್ನಡಕದ ಹುಡುಗಿ ಕನ್ನಡಕ ತೆಗೆದು ಒರೆಸತೊಡಗಿದಳು.

ಸಾಹೇಬರು ನಕ್ಕು ಮಾತು ತೇಲಿಸಲು ನೋಡಿದರು. "ನಮ್ಮ ಅತ್ತಿಗೆ ಸ್ವಲ್ಪ ಕನಸು ಕಾಣೋ ಸ್ವಭಾವ, ಸಾರ್."

"ಕನಸಿಗೆ ತಾರಸಿ ಸಂಬಳ ಕೊಡೋಕಾಗುತ್ತೇನ್ರೀ?" ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ಅಂಕ ಬೀಳುವ ಹೊತ್ತು. "ಕೂತಲ್ಲೇ ಊಹೆ ಮಾಡಿ ಬರೆಯೋರಿಗೂ ಮೇಲೆ ಹೋಗಿ ನೋಡಿ ಬರೋರಿಗೂ ಸಮಾನ ವೇತನ ಅಂದ್ರೆ..."

ಅತ್ತಿಗೆ ಬಾಯಿ ತೆರೆದಳು. ಮೈದುನನ ಕೊರಳಿನ ನೀಲಿ ಮಫ್ಲರು ಕಂಡಿತು. ಬಾಯಿ ಮುಚ್ಚಿದಳು. ಗಡಿಯಾರದಂಗಡಿಯ ಮೇಲಿನ ಕೋಣೆ ಮೂರೂ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಕೊಳ್ಳುವುದು ಅವಳಿಗೆ ಕೇಳಿಸಿತು.

"ಊಹೆ ಅಂತ ಯಾಕೆ ಅಂದ್ಕೊಳ್ಳೋಣ?" ಅದುವರೆಗೆ ಮಾತಾಡದಿದ್ದ ಮೇಡಂ ಎದ್ದರು. "ಏಣಿ ಎಲ್ಲಿದೆ? ನೋಡಿಯೇ ಬರೋಣ."

"ಮೇಡಂ, ಹೆಂಗಸರು ಏಣಿ ಹತ್ತೋ ಹಾಗಿಲ್ಲ. ಸುತ್ತೋಲೆ ಇದೆ" ಎಂದರು ಸಾಹೇಬರು.

"ಅದು ಕಿಟಕಿಯವರಿಗೆ. ನಾನು ಸಮಿತಿ."

ಮುಂದೆ ಮೇಡಂ, ಹಿಂದೆ ಏದುಸಿರು ಬಿಡುತ್ತ ಅಧ್ಯಕ್ಷರು ಬಿಳುಪಿನೊಳಗೆ ಏರಿಹೋದರು. ಮೊದಲು ತಲೆ, ಆಮೇಲೆ ಸೊಂಟ, ಕೊನೆಗೆ ಅಧ್ಯಕ್ಷರ ಎರಡು ಬೂಟುಗಳು ಮಾಯವಾದವು. ಏಣಿಯ ಬುಡದಲ್ಲಿ ಅತ್ತಿಗೆ, ಮೈದುನ, ಸಾಹೇಬರು ಬಾವಿಯೊಳಗೆ ಇಣುಕುವವರಂತೆ ಮೇಲಕ್ಕೆ ಇಣುಕಿದರು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಧ್ಯಕ್ಷರ ಧ್ವನಿ, ಯಾರೋ ಚಿಕ್ಕ ಹುಡುಗನದು ಎಂಬಂತೆ, "ಅಯ್ಯೋ, ನೋಡ್ರೀ!" ಎಂದಿತು. ಅವರು ಅಲ್ಲಿ ಏನು ಮಾಡುತ್ತಿದ್ದಾರೆಂದು ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು. ಏನೂ ಮಾಡುತ್ತಿರಲಿಲ್ಲ.

ಕೊನೆಗೆ ಮೇಡಂ ಕೂಗಿದರು. "ಕಿಟಕಿಯವರೇ, ನೀವು ಬರೆದದ್ದು ಅಕ್ಷರಕ್ಕಕ್ಷರ ಸರಿ ಇದೆ. ಹೇಗೆ ಕಂಡ್ರಿ?"

"ಹೇಗೋ ಕಂಡೆ" ಎಂದರೆ ಊಹೆ. "ಹತ್ತಿ ಕಂಡೆ" ಎಂದರೆ ಮೈದುನ ಬೀದಿಗೆ. ಅತ್ತಿಗೆ ಗೋಡೆ ನೋಡಿದಳು.

ಮೈದುನ ಮಫ್ಲರು ಬಿಚ್ಚಿ ಬಕೆಟ್ಟಿನ ಮೇಲಿಟ್ಟ. ಏಣಿಯ ಎರಡೂ ಕಂಬ ಹಿಡಿದ.

"ಏನು ಮಾಡ್ತಿದೀಯಾ?"

"ಕೂಗಿ ಹೇಳೋ ಮಾತಲ್ಲ ಅತ್ತಿಗೆ ಇದು. ಮೇಲೇ ಹೋಗಿ ಹೇಳ್ತೀನಿ."

"ಬೇಡ ಕಣೋ. ನಿನ್ನ ಹೆಂಡತಿಗೆ ಏನು ಹೇಳ್ತೀಯ?"

"ಅವಳು ಇದಕ್ಕಿಂತ ಎತ್ತರ. ಒಂದೊಂದಾಗಿ ಹತ್ತೋಣ" ಎಂದು ಕಣ್ಣು ಮುಚ್ಚಿಕೊಂಡು ಕಾಲಿಟ್ಟ. ಸಾಹೇಬರು ತಮ್ಮ ತಾರಸಿ ವೀಕ್ಷಕ ಏಣಿಯನ್ನು ಹಾವು ಮುಟ್ಟುವಂತೆ ಮುಟ್ಟುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು.

ಅತ್ತಿಗೆ ಕೆಳಗಿನಿಂದ ಹೇಳುತ್ತ ಹೋದಳು, "ಮುಂದಿನದು ಸಡಿಲ, ಎಡಗಡೆ ಕಾಲಿಡು. ಅದರ ಮೇಲಿನದು ಜಾರುತ್ತೆ. ಆಂ, ಹಾಗೆ. ಈಗ ಬಲಗೈಗೆ ಒಂದು ಕಬ್ಬಿಣದ ಬಳೆ ಸಿಗುತ್ತೆ ನೋಡು, ಹಿಡ್ಕೋ." ಒಂದೊಂದು ಸೂಚನೆಗೂ ಸಾಹೇಬರ ತಲೆ ನಿಧಾನವಾಗಿ ಅವಳ ಕಡೆಗೆ ತಿರುಗಿತು.

ಮಂಜಿನ ಮೇಲೆ ಮೈದುನನ ತಲೆ ಮೂಡಿತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಸಾರ್, ಮೇಡಂ, ಯಾವ ಕಡೆ ಇದ್ದೀರೋ ಗೊತ್ತಿಲ್ಲ. ಇಲ್ಲಿ ಹತ್ತೋದು ನಮ್ಮತ್ತಿಗೆ. ಮೊದಲಿಂದ್ಲೂ ಅವರೇ. ನಾನು ಬಕೆಟ್ ಮೇಲೆ ಕೂತಿರ್ತೀನಿ. ಇಷ್ಟೇ ವಿಷಯ. ಇನ್ನು ಯಾರಾದ್ರೂ ಇಳಿಸಿ ನನ್ನ."

ಅವನನ್ನು ಇಳಿಸಿದವಳು ಅತ್ತಿಗೆಯೇ. ಈ ಸಲ ಸಮಿತಿಯ ಸಮಕ್ಷಮ, ಸುತ್ತೋಲೆಯನ್ನು ಮೀರಿ, ಕೊರಳಿಗೆ ನೀಲಿ ಮಫ್ಲರು ಸುತ್ತಿಕೊಂಡು ಹತ್ತಿ.

ಆದೇಶ ಬರಲು ಒಂದು ಋತು ಹಿಡಿಯಿತು. ಅತ್ತಿಗೆ ಆ ಕಚೇರಿಯ ಮೊದಲ ತಾರಸಿ ವೀಕ್ಷಕಿಯಾದಳು. ತಾರಸಿಯ ಸಂಬಳ, ತಾರಸಿಯ ಭತ್ಯೆ, ಆದೇಶದ ದಿನಾಂಕದಿಂದ. ಹಿಂದಿನ ವರ್ಷಗಳಲ್ಲಿ ಹತ್ತಿದ್ದನ್ನು 'ಕುಟುಂಬದೊಳಗಿನ ಪರಸ್ಪರ ಪ್ರೀತಿ' ಎಂದು ಪರಿಗಣಿಸಲಾಗಿತ್ತು. ಅದಕ್ಕೆ ಸಂಬಳ ಕೊಡಲು ಲೆಕ್ಕಪತ್ರದಲ್ಲಿ ಶೀರ್ಷಿಕೆಯಿರಲಿಲ್ಲ. ಮೈದುನನನ್ನು ಮನೆಗೆ ಕಳಿಸಬೇಕೆಂದು ಅಧ್ಯಕ್ಷರೂ, ನಿಜ ಹೇಳಲು ಹತ್ತಿದ ಆ ಒಂದು ಸಲಕ್ಕಾಗಿ ಉಳಿಸಬೇಕೆಂದು ಮೇಡಂ ಅವರೂ ವಾದಿಸಿ, ಕೊನೆಗೆ ಅವನ ಭತ್ಯೆಯನ್ನು ಕಿತ್ತು ಕಿಟಕಿಗೆ ಹಾಕಿದ್ದರು. ಆದರೆ ಗಂಡಸೊಬ್ಬನನ್ನು ಕಿಟಕಿಯ ಸಂಬಳಕ್ಕೆ ಇಳಿಸುವುದು ಯಾವ ನಿಯಮದಲ್ಲೂ ಕೂರದ ಕಾರಣ ಮೂಲ ಸಂಬಳ ಇದ್ದ ಹಾಗೇ ಇತ್ತು.

ಆದೇಶ ಓದಿದ ಓರಗಿತ್ತಿ ಮೂರು ದಿನ ಮಾತು ಬಿಟ್ಟಳು. ಆ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ಯಾರೂ ಕಂಡಿರಲಿಲ್ಲ. ನಾಲ್ಕನೆಯ ದಿನ, "ಅಕ್ಕ, ಇಷ್ಟು ವರ್ಷ ಗಾಳೀಲಿ ನಿಂತು ಬಂದು ಒಂದು ದಿನವಾದ್ರೂ ಕಾಲು ನೋವು ಅಂದ್ರಾ? ಮಫ್ಲರ್ ಆದ್ರೂ ನಿಮ್ಮಳತೆಗೆ ಹೆಣೀತಿದ್ದೆನಲ್ಲ" ಎಂದು ಮೂಗು ಒರೆಸಿಕೊಂಡು, ಗಡಿಯಾರದಂಗಡಿಯ ಮೇಲಿನ ಕೋಣೆಗೆ ಪರದೆ ಹೊಲಿಯಲು ಕುಳಿತಳು. ಅತ್ತಿಗೆ ಮುಂಗಡ ಕೊಟ್ಟು ಬಂದು, ಆ ಖಾಲಿ ಕೋಣೆಯ ನೆಲದ ಮೇಲೆ ಒಂದು ಸಂಜೆ ಸುಮ್ಮನೆ ಕುಳಿತಿದ್ದಳು. ಕೆಳಗೆ ಗಡಿಯಾರಗಳು ತಲೆಗೊಂದು ಹೊತ್ತು ಹೇಳುತ್ತಿದ್ದವು. ಕಿಟಕಿಯಿಂದ ಕಿಟಕಿಗೆ ಒಂದು ಉದ್ದನೆಯ ಮೋಡ ಕೋಣೆಯೊಳಗಿಂದಲೇ ಹಾದುಹೋಗುವಂತೆ ಹೋಯಿತು. ಯಾರಿಗೂ ವರದಿ ಮಾಡಬೇಕಾಗಿರಲಿಲ್ಲ.

ಕಚೇರಿಯಲ್ಲಿ ಆದೇಶ ಬಂದ ಮರುದಿನದಿಂದ ಮೈದುನ ಮೆತ್ತೆಯ ಕುರ್ಚಿಯಲ್ಲಿ ಕುಳಿತ. ನೆಲದ ಮೇಲೆ ಕಾಲೂರಿ ಆಕಾಶ ನೋಡುವುದು ಅವನಿಗೆ ಹಿಡಿಸಿತು. ಮುಖದಲ್ಲಿ ಕಳೆ ಬಂದಿತ್ತು. ಪಕ್ಕದ ಕಿಟಕಿಯಲ್ಲಿ ಕನ್ನಡಕದ ಹುಡುಗಿ. ಇಬ್ಬರಿಗೂ ಒಂದೇ ಗೋಡೆ, ಒಂದೇ ಎತ್ತರ, ಒಂದೇ ಬಗೆಯ ಮೆತ್ತೆ. ಸಂಬಳದ ದಿನ ಸಂಜೆ ಅವಳು ಕುರ್ಚಿಯನ್ನು ಅವನ ಕಡೆಗೆ ಎಳೆದುಕೊಂಡಳು.

"ಅಣ್ಣಾ, ಒಂದು ಮಾತು ಕೇಳ್ಲಾ? ಈ ಕಿಟಕೀಲಿ ನಿಮಗೆ ನನಗಿಂತ ಜಾಸ್ತಿ ಏನು ಕಾಣುತ್ತೆ?"

ಮೈದುನ ತನ್ನ ಕಿಟಕಿ ನೋಡಿದ. ಅವಳ ಕಿಟಕಿ ನೋಡಿದ. ಅವನು ಈಗ ಸುಳ್ಳು ಹೇಳುವ ಅಭ್ಯಾಸ ಬಿಟ್ಟಿದ್ದ.

"ನಿನಗೆ ಕಾಣೋದಕ್ಕಿಂತ ಒಂಚೂರು ಕಮ್ಮೀನೇ ಕಣಮ್ಮ. ನನ್ನ ಕಡೆ ಆ ಮರ ಅಡ್ಡ ಇದೆ."

ಹುಡುಗಿ ಒಂದು ಬಿಳಿ ಹಾಳೆಯನ್ನು ಅವನ ಮುಂದೆ ಸರಿಸಿ, ತನ್ನ ಪೆನ್ನನ್ನೇ ಕೊಟ್ಟಳು.

"ಅಷ್ಟನ್ನೇ ಬರೆದು ಸಹಿ ಹಾಕಿಕೊಡಿ, ನನ್ನ ಅರ್ಜಿ ಜೊತೆ ಇಡ್ತೀನಿ. ಮರದ್ದೂ ಸೇರಿಸಿ."

ಅವನು ಬರೆಯತೊಡಗಿದ. ಮೇಲೆ ತಾರಸಿಯಲ್ಲಿ ಹೆಜ್ಜೆಯ ಸದ್ದಾಯಿತು.